ಪುಣ್ಯವಲ್ಲಭರ ಲೇಖನಿ: ಬಾದಾಮಿ ಚಾಲುಕ್ಯರ ಮಂತ್ರಿವರ್ಗ ಮತ್ತು ಅಧಿಕಾರಿವರ್ಗ

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ರಾಜ್ಯದ ಸಪ್ತಾಂಗಗಳಲ್ಲಿ ಅಮಾತ್ಯನಿಗೆ ಎರಡನೆಯ ಸ್ಥಾನ. ಅರಸನು ಯಾರನ್ನು ಆಪ್ತನನ್ನಾಗಿ ಆರಿಸಿಕೊಳ್ಳಬೇಕು, ಆರಿಸಿದ ಮೇಲೆ ಅವನನ್ನು ಹೇಗೆ ಅಂಕೆಯಲ್ಲಿಡಬೇಕು ಎಂಬ ಪ್ರಶ್ನೆ ಇಂದಿನ ರಾಷ್ಟ್ರಾಧ್ಯಕ್ಷರನ್ನೂ ಬಿಟ್ಟಿಲ್ಲ. ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ 1881ರಲ್ಲಿ ಹುದ್ದೆ ಸಿಗದೆ ಕೆರಳಿದವನೊಬ್ಬನ ಗುಂಡಿಗೆ ಬಲಿಯಾದ ಮೇಲೆಯೇ ಆ ದೇಶವು 1883ರಲ್ಲಿ ಅರ್ಹತೆಯ ಆಧಾರದ ನೇಮಕಾತಿಗೆ ಕಾಯಿದೆ ಮಾಡಿತು. ಇದೇ ಪ್ರಶ್ನೆಯನ್ನು ಮಲಪ್ರಭೆಯ ಕಣಿವೆಯ ವಾತಾಪಿಯ ಅರಸರು ಹೇಗೆ ಎದುರಿಸಿದರೆಂಬುದನ್ನು ಅವರ ಶಾಸನಗಳಿಂದಲೇ ತಿಳಿಯಬಹುದು.

ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಜಿನಾಲಯದ ಶಾಸನ ಶಕ 556ರದು, ಅಂದರೆ ಕ್ರಿ.ಶ. 634–35ರದು. ಇದರ ಕರ್ತೃ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮನೆಂದು ಹೇಳಿಕೊಂಡದ್ದು ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅದೇ ಶಾಸನದ ರಾಜಕೀಯ ವಿವೇಕ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಚಿಕ್ಕಪ್ಪ ಮಂಗಲೇಶನು ರಾಜ್ಯವನ್ನು ತನ್ನ ಮಗನಿಗೆ ಉಳಿಸಲು ಯತ್ನಿಸಿದಾಗ, ಇಮ್ಮಡಿ ಪುಲಕೇಶಿಯು ಮಂತ್ರಶಕ್ತಿ ಮತ್ತು ಉತ್ಸಾಹಶಕ್ತಿಗಳಿಂದ ಅವನ ಬಲವನ್ನು ಕುಂದಿಸಿದನೆಂದು ಕವಿ ಹೇಳುತ್ತಾನೆ. ಇವು ರಾಜನೀತಿಯ ಪಾರಿಭಾಷಿಕ ಪದಗಳು. ಮಂತ್ರವೆಂದರೆ ಆಲೋಚನೆ, ಸಲಹೆ. ಪುಲಕೇಶಿಯ ಗೆಲುವಿನಲ್ಲಿ ಕತ್ತಿಯ ಜೊತೆ ಆಲೋಚನೆಗೂ ಪಾಲಿತ್ತೆಂಬುದು ರವಿಕೀರ್ತಿಯ ನಿಲುವು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮೊದಲನೆಯ ಪುಲಕೇಶಿ ಅಶ್ವಮೇಧ ಮಾಡಿದವನೆಂದು ಬಾದಾಮಿಯ 543ರ ಬಂಡೆಶಾಸನ ಹೇಳುತ್ತದೆ. ಮಂಗಲೇಶನಾದರೋ 578ರಲ್ಲಿ ವಿಷ್ಣುವಿಗೆ ಗುಹಾಲಯವನ್ನು ಸಮರ್ಪಿಸಿದವನು. ಅಂಥ ಮನೆತನದ ಅತ್ಯುನ್ನತ ಪ್ರಶಸ್ತಿಯನ್ನು ಬರೆದವನು ಜಿನಭಕ್ತ; ಬರೆಸಿದ ಸ್ಥಳ ಜಿನಾಲಯದ ಗೋಡೆ. ಅರಸನ ಪರಮಪ್ರಸಾದವನ್ನು ಪಡೆದವನೆಂದು ರವಿಕೀರ್ತಿ ಹೇಳಿಕೊಳ್ಳುತ್ತಾನೆಯೇ ಹೊರತು ಯಾವ ಹುದ್ದೆಯ ಹೆಸರನ್ನೂ ಹೇಳುವುದಿಲ್ಲ. ಆದ್ದರಿಂದ ಅವನನ್ನು ಮಂತ್ರಿಯೆಂದು ಕರೆಯುವುದು ಶಾಸನ ಹೇಳದ ಮಾತನ್ನು ಹೇಳಿದಂತೆ. ಆದರೆ ವಿದ್ವತ್ತಿಗೆ ಆಸ್ಥಾನದಲ್ಲಿ ಮತದ ಗಡಿ ಅಡ್ಡಬರಲಿಲ್ಲವೆಂಬುದಕ್ಕೆ ಅವನೇ ಸಾಕ್ಷಿ.

ಚಾಲುಕ್ಯರು ಅಧಿಕಾರವನ್ನು ಎರಡು ಬಗೆಯಲ್ಲಿ ಹಂಚಿದರು. ದೂರದ ಪ್ರಾಂತಗಳು ರಕ್ತಸಂಬಂಧಿಗಳಿಗೆ ಹೋದವು. ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಗೆ ವೆಂಗಿ, ಒಂದನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹನಿಗೆ ಲಾಟ. ಇದರ ಫಲ ಮಿಶ್ರವಾಗಿತ್ತು. ವೆಂಗಿ ಬೇಗನೆ ಪ್ರತ್ಯೇಕ ರಾಜ್ಯವಾಯಿತು. ನೆಂಟಸ್ತನವು ನಿಷ್ಠೆಯ ಖಾತರಿಯಲ್ಲ ಎಂಬುದನ್ನು ಮಂಗಲೇಶನ ಪ್ರಸಂಗದಿಂದಲೇ ಈ ಮನೆತನ ಅರಿತಿರಬೇಕಾಗಿತ್ತು.

ಎರಡನೆಯದು ಲೇಖನಿಯ ಅಧಿಕಾರ. ಸಂಧಿ ಮತ್ತು ವಿಗ್ರಹ, ಅಂದರೆ ಒಪ್ಪಂದ ಮತ್ತು ಯುದ್ಧಗಳ ಸಚಿವನಾದ ಮಹಾಸಾಂಧಿವಿಗ್ರಹಿಕನೇ ರಾಜಶಾಸನಗಳನ್ನೂ ರಚಿಸುತ್ತಿದ್ದನು. ವಿನಯಾದಿತ್ಯನ ತಾಮ್ರಪಟಗಳನ್ನು ಬರೆದವನು ರಾಮಪುಣ್ಯವಲ್ಲಭ. ವಿಜಯಾದಿತ್ಯನವನ್ನು ನಿರವದ್ಯ ಪುಣ್ಯವಲ್ಲಭ. ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನ ವೊಕ್ಕಲೇರಿ ತಾಮ್ರಪಟದಲ್ಲಿ (757) ಅನಿವಾರಿತ ಧನಂಜಯ ಪುಣ್ಯವಲ್ಲಭನ ಹೆಸರಿದೆ. ‘ನಿರವದ್ಯ’ ವಿಜಯಾದಿತ್ಯನ ಬಿರುದು, ‘ಅನಿವಾರಿತ’ ಇಮ್ಮಡಿ ವಿಕ್ರಮಾದಿತ್ಯನ ಬಿರುದು. ಹೆಸರಿನ ಮುಂದಿನ ಪದ ಅರಸನಿಂದ ಬಂದದ್ದು, ಆಳ್ವಿಕೆಯೊಡನೆ ಬದಲಾಗಬಲ್ಲದ್ದು; ಹಿಂದಿನ ‘ಪುಣ್ಯವಲ್ಲಭ’ ಮಾತ್ರ ಉಳಿದುಕೊಂಡಿತು. ಅದು ವಂಶದ ಹೆಸರೋ ಪದವಿಯ ಹೆಸರೋ ಎಂಬ ಚರ್ಚೆ ಏನೇ ಇರಲಿ, ಅರಸರು ಬದಲಾದರೂ ಕಚೇರಿಯೊಂದು ಅವಿಚ್ಛಿನ್ನವಾಗಿ ನಡೆದುಬಂತೆಂಬುದು ಸ್ಪಷ್ಟ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಿಲ್ಪಿ ಗುಂಡನಿಗೂ ‘ಅನಿವಾರಿತಾಚಾರಿ’ ಎಂಬ ಹೆಸರು ಸಂದಿತು. ಸೇವೆಯನ್ನು ಅರಸನ ಬಿರುದಿನಿಂದಲೇ ಗೌರವಿಸುವ ಪದ್ಧತಿ ಶಿಲ್ಪಿಗೂ ಸಚಿವನಿಗೂ ಒಂದೇ.

642ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನು. ಒಂದನೆಯ ವಿಕ್ರಮಾದಿತ್ಯ ರಾಜ್ಯವನ್ನು ಮತ್ತೆ ಕಟ್ಟುವವರೆಗೆ ಸುಮಾರು 13 ವರ್ಷಗಳ ವಿಪ್ಲವ. ಆದರೂ ಅನಂತರದ ಶಾಸನಗಳಲ್ಲಿ ಮಾನವ್ಯಗೋತ್ರ, ಹಾರೀತಿಪುತ್ರ ಎಂಬ ಹಳೆಯ ಪೀಠಿಕೆಯೇ ಮರಳಿ ಬರುತ್ತದೆ. ರಾಜಧಾನಿ ಬಿದ್ದರೂ ರಾಜ್ಯದ ನೆನಪು ಬೀಳಲಿಲ್ಲ. ಆ ನೆನಪನ್ನು ಕಾಪಾಡಿದವರು ಶಾಸನ ಬರೆಯುವ ಕೈಗಳೆಂದು ಊಹಿಸಲು ಅವಕಾಶವಿದೆ.

ಅಧಿಕಾರಿಗಳ ಮೇಲೆ ಅಂಕುಶವಿತ್ತೆ? ಇಮ್ಮಡಿ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಕನ್ನಡ ಶಾಸನ ಇದಕ್ಕೆ ಉತ್ತರ. ಅಲ್ಲಿ ಊರವರ ಕರ್ತವ್ಯದ ಜೊತೆಗೆ ರಾಜಪುರುಷರ ಕರ್ತವ್ಯವನ್ನೂ ನಿಗದಿಮಾಡಲಾಗಿದೆ. ತೆರಿಗೆ ಮನೆಯ ಅಂತಸ್ತಿಗೆ ತಕ್ಕಂತೆ. ಅಧಿಕಾರಿ ಏನನ್ನು ಮಾಡಬೇಕೆಂಬುದು ಊರವರೆಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲೆ ನಿಂತಿತು. ಲಿಖಿತ ಮರ್ಯಾದೆಯೇ ಇಲ್ಲಿನ ಅಂಕುಶ.

ಎರಡು ಶತಮಾನಗಳ ಬಳಿಕ, ವೇಮುಲವಾಡ ಚಾಲುಕ್ಯರ ಆಶ್ರಯ ಕಂಡ ಜೈನಾಚಾರ್ಯ ಸೋಮದೇವಸೂರಿ ತನ್ನ ‘ನೀತಿವಾಕ್ಯಾಮೃತ’ದಲ್ಲಿ ಈ ಅನುಭವಕ್ಕೆ ಸೂತ್ರರೂಪ ಕೊಟ್ಟಂತಿದೆ. ಮಂತ್ರಿ ಒಬ್ಬನೇ ಆದರೆ ತಡೆಯಿಲ್ಲದೆ ವರ್ತಿಸುತ್ತಾನೆ. ಇಬ್ಬರಾದರೆ ಕೂಡಿಕೊಂಡು ರಾಜ್ಯವನ್ನು ಕೆಡಿಸುತ್ತಾರೆ. ಆದ್ದರಿಂದ ಮೂವರು, ಐವರು ಅಥವಾ ಏಳು ಜನರಿರಲಿ ಎನ್ನುತ್ತಾನೆ. ಸಂಬಂಧಿಕನಿಗೆ ಅಧಿಕಾರ ಬೇಡವೆನ್ನುತ್ತಾನೆ. ನಿತ್ಯ ತಪಾಸಣೆ, ಕೆಲಸದ ಬದಲಾವಣೆ, ಸನ್ಮಾನ ಇವು ಅಧಿಕಾರಿಗಳನ್ನು ನಿಭಾಯಿಸುವ ಉಪಾಯಗಳು. ಮಂಗಲೇಶನ ಕಥೆಯನ್ನೂ ವೆಂಗಿಯ ಪ್ರತ್ಯೇಕತೆಯನ್ನೂ ಬಲ್ಲವರಿಗೆ ಈ ಮಾತುಗಳು ಬರಿಯ ಶಾಸ್ತ್ರವೆನಿಸಲಾರವು. ನಮ್ಮ ಸಂವಿಧಾನಕ್ಕೆ 2003ರಲ್ಲಿ ತಂದ 91ನೆಯ ತಿದ್ದುಪಡಿ ಮಂತ್ರಿಗಳ ಸಂಖ್ಯೆಯನ್ನು ಕೆಳಮನೆಯ ಸದಸ್ಯರ ಶೇಕಡಾ 15ಕ್ಕೆ ಮಿತಿಗೊಳಿಸಿತು. ಸೋಮದೇವನದು ಮಂತ್ರಿಗಳು ತೀರ ಕಡಿಮೆಯಾದಾರೆಂಬ ಆತಂಕ, ನಮ್ಮದು ತೀರ ಹೆಚ್ಚಾದಾರೆಂಬ ಆತಂಕ.

ಶಾಸನಗಳನ್ನು ನಾವು ಪ್ರಶಸ್ತಿಭಾಗಕ್ಕಾಗಿ ಓದುತ್ತೇವೆ, ದಾನದ ವಿವರಕ್ಕಾಗಿ ಓದುತ್ತೇವೆ. ‘ಲಿಖಿತ’ವೆಂದು ಮುಗಿಯುವ ಕೊನೆಯ ಸಾಲನ್ನು ಬಿಟ್ಟುಬಿಡುತ್ತೇವೆ. ಅರಸರ ಚರಿತ್ರೆ ಮೊದಲ ಸಾಲುಗಳಲ್ಲಿದ್ದರೆ ಆಡಳಿತದ ಚರಿತ್ರೆ ಆ ಕೊನೆಯ ಸಾಲಿನಲ್ಲಿದೆ. ಸಾಹಿತ್ಯದ ಸಂಶೋಧಕರು ಕೊನೆಯಿಂದಲೂ ಓದಲು ತೊಡಗಿದರೆ ಪುಣ್ಯವಲ್ಲಭರಂತಹ ಇನ್ನೂ ಹಲವರು ಬೆಳಕಿಗೆ ಬಂದಾರು.