ಒಂದು ಊರಿನ ಕಡತ ಎಷ್ಟು ಊರುಗಳಲ್ಲಿ: ಚಿಗಳ್ಳಿ ಸುತ್ತಿನ ಸ್ಥಳೀಯ ಇತಿಹಾಸ ಭಂಡಾರದ ಕುರಿತು

ಮುಂಡಗೋಡ ತಾಲೂಕಿನ ಚಿಗಳ್ಳಿಯ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ದೀಪನಾಥೇಶ್ವರ ದೇವಸ್ಥಾನದಲ್ಲಿ ಎಣ್ಣೆಯಿಲ್ಲದೆ ದಶಕಗಳ ಕಾಲ ಉರಿದವೆಂದು ಭಕ್ತರು ನಂಬಿದ ದೀಪಗಳು. ಇನ್ನೊಂದು, 2019ರ ಆಗಸ್ಟ್ ಮಳೆಯಲ್ಲಿ ಒಡೆದ ಜಲಾಶಯದ ಒಡ್ಡು. ಇವೆರಡನ್ನೂ ಬದಿಗಿಟ್ಟು ಈ ಊರಿನ ಚರಿತ್ರೆ ಬರೆಯಹೊರಟವರು ಯಾವ ಬಾಗಿಲು ತಟ್ಟಬೇಕು? ಪ್ರಶ್ನೆ ಚಿಗಳ್ಳಿಯದಾದರೂ ಉತ್ತರ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ನಾಲ್ಕಕ್ಕೂ ಅನ್ವಯಿಸುತ್ತದೆ. ಈ ಪಟ್ಟಣಗಳಿಗೆ ಸ್ಥಳೀಯ ಇತಿಹಾಸದ ಗ್ರಂಥಾಲಯ, ಅದರೊಳಗೊಂದು ದಾಖಲೆ ಭಂಡಾರ ಬೇಕು ಎಂಬ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಕಟ್ಟಡಕ್ಕೆ ಜಾಗ ಹುಡುಕುವ ಮೊದಲು ಒಂದು ಸೂಚಿ ತಯಾರಾಗಬೇಕು: ಯಾವ ಕಾಲದ ಯಾವ ಕಾಗದ ಎಲ್ಲಿದೆ ಎಂಬ ಸೂಚಿ.

ಕಾರಣ ಆಡಳಿತದ ಇತಿಹಾಸದಲ್ಲಿದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಸೀಮೆ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಅಂದಿನಿಂದ 1862ರವರೆಗೆ ಇದು ಮದ್ರಾಸ್ ಪ್ರಾಂತದ ಭಾಗ. ಹಾಗಾಗಿ ಆ ಅವಧಿಯ ಕಂದಾಯ ಪತ್ರವ್ಯವಹಾರ ಹುಡುಕುವವರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು; ಅದರ ಪ್ರತಿಗಳ ಒಂದು ಭಾಗ ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆಗಳಲ್ಲಿದೆ. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಅಲ್ಲಿಂದ 1956ರ ನವೆಂಬರ್ 1ರವರೆಗಿನ ಸರಕಾರಿ ಕಡತಗಳಿಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರವೇ ಗತಿ. ಆಮೇಲಿನದು ಬೆಂಗಳೂರು. ಒಂದೇ ಹೊಲದ ಒಂದೇ ತಕರಾರು ಮೂರು ತಲೆಮಾರು ನಡೆದಿದ್ದರೆ ಅದರ ಮೇಲಿನ ಹಂತದ ಕಾಗದಗಳು ಮೂರು ರಾಜಧಾನಿಗಳಲ್ಲಿ ಹಂಚಿಹೋಗಿರುತ್ತವೆ.

ಇನ್ನೂ ಹಿಂದಕ್ಕೆ ಹೋದರೆ ಗೋವಾ. ಸೋದೆಯ ಅರಸರ ಆಳ್ವಿಕೆ ಘಟ್ಟದ ಮೇಲೂ ಕೆಳಗೂ ಹರಡಿತ್ತು. 1763–64ರಲ್ಲಿ ಹೈದರನ ಸೇನೆ ಸೋದೆಯನ್ನು ಹಿಡಿದಾಗ ಅರಸ ಪೋರ್ಚುಗೀಸರ ಆಶ್ರಯಕ್ಕೆ ಹೋಗಿ ನೆಲೆಸಿದ. ಸೋದೆಯೊಂದಿಗಿನ ಪೋರ್ಚುಗೀಸರ ಪತ್ರವ್ಯವಹಾರ ಪಣಜಿಯ ಪತ್ರಾಗಾರದಲ್ಲಿ ‘ನೆರೆಯ ರಾಜರು’ ಎಂಬ ಅರ್ಥದ ಹೆಸರುಳ್ಳ ಸಂಪುಟಗಳಲ್ಲಿದೆ. ಆ ಪತ್ರಾಗಾರ ಹುಟ್ಟಿದ್ದು 1595ರಲ್ಲಿ. ಜೋಯಿಡಾದಿಂದ ಪಣಜಿ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೂ ನಮ್ಮ ಸಂಶೋಧಕರು ಅತ್ತ ಹಾಯುವುದು ಕಡಿಮೆ. ಪೋರ್ಚುಗೀಸ್ ಭಾಷೆ ಅಡ್ಡಿಯೆನ್ನುತ್ತಾರೆ. ನನಗೆ ಅದು ಅರ್ಧ ನೆಪವೆಂದೇ ಅನಿಸುತ್ತದೆ.

ತಾಲೂಕಿನ ಗಡಿಗಳದ್ದು ಬೇರೆಯೇ ಗೊಂದಲ. ಜೇಮ್ಸ್ ಕ್ಯಾಂಪ್ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟಗಳು (1883) ಬಂದಾಗ ಮುಂಡಗೋಡ ಸ್ವತಂತ್ರ ತಾಲೂಕಲ್ಲ, ಯಲ್ಲಾಪುರಕ್ಕೆ ಸೇರಿದ ಪೇಟಾ. ಹಳಿಯಾಳ ಮತ್ತು ಸೂಪಾ ಒಂದೇ ತಾಲೂಕಿನೊಳಗಿದ್ದವು. ದಾಂಡೇಲಿ ತಾಲೂಕಾದದ್ದು ನಮ್ಮ ಕಣ್ಣೆದುರಿಗೆ. ಇಂದಿನ ತಾಲೂಕಿನ ಹೆಸರು ಹಿಡಿದು ಹಳೆಯ ಕಡತ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಪತ್ರಾಗಾರ ಶಾಸ್ತ್ರದ ಮೂಲ ನಿಯಮ ಇಲ್ಲಿ ನೆರವಿಗೆ ಬರುತ್ತದೆ: ಕಾಗದವನ್ನು ಅದು ಹುಟ್ಟಿದ ಕಚೇರಿಯ ಹೆಸರಿನಲ್ಲೇ, ಅಲ್ಲಿದ್ದ ಅನುಕ್ರಮದಲ್ಲೇ ಇಡಬೇಕು, ವಿಷಯಕ್ಕೆ ತಕ್ಕಂತೆ ಕಿತ್ತು ಜೋಡಿಸಬಾರದು. ಸೂಚಿಯಲ್ಲಿ ಮಾತ್ರ ಇಂದಿನ ಊರಿನ ಹೆಸರು, ಅಂದಿನ ಪೇಟಾ, ಅಂದಿನ ತಾಲೂಕು ಮೂರೂ ಪಕ್ಕಪಕ್ಕದಲ್ಲಿರಬೇಕು. ಚಿಗಳ್ಳಿಯೆಂದು ಹುಡುಕಿದವರಿಗೆ ಯಲ್ಲಾಪುರದ ಕಡತವೂ ಕಾಣಬೇಕು.

ಇಷ್ಟು ಹೇಳಿದ ಮೇಲೆ, ಚೆನ್ನೈ ಮುಂಬಯಿಗಳಿಗಿಂತ ತಾಲೂಕು ಕಚೇರಿಯ ಅಭಿಲೇಖಾಲಯದ ಬಗ್ಗೆ ನನಗೆ ಹೆಚ್ಚು ಆಸ್ಥೆಯೆಂದೂ ಹೇಳಬೇಕು. ರುಮಾಲಿನಲ್ಲಿ ಕಟ್ಟಿಟ್ಟ ಗಂಟುಗಳಲ್ಲಿ ಸರ್ವೆ ಟಿಪ್ಪಣಿ, ಆಕಾರಬಂದ್, ಕೈಬರಹದ ಉತಾರ ಎಲ್ಲ ಇರುತ್ತವೆ. ಇವುಗಳಲ್ಲಿ ಇತಿಹಾಸಕಾರರು ಅಷ್ಟಾಗಿ ಮುಟ್ಟದಿರುವುದು ಭೂನ್ಯಾಯ ಮಂಡಳಿಯ ಕಡತಗಳು. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಉಳುವ ಗೇಣಿದಾರ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಅರ್ಜಿಯ ಗಡುವು ಹಿಗ್ಗುತ್ತ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಮಂಡಳಿ ಅವನ್ನು ವಿಚಾರಿಸಿತು. ಅಂಥ ಒಂದು ಕಡತವೆಂದರೆ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲ ಹಾಳೆ ಅರ್ಜಿ: ಗೇಣಿದಾರನ ಹೆಸರು, ಒಡೆಯನ ಹೆಸರು, ಸರ್ವೆ ನಂಬರ, ಎಕರೆ ಗುಂಟೆ, ಎಷ್ಟು ವರ್ಷದಿಂದ ಉಳುಮೆ, ಕೊನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಅದರ ಹಿಂದೆ ಒಡೆಯನಿಗೆ ಹೋದ ನೋಟೀಸು. ನಂತರ ಹೇಳಿಕೆಗಳು. ಗೇಣಿ ಭತ್ತದಲ್ಲೋ ರೊಕ್ಕದಲ್ಲೋ, ಪಾವತಿ ಕೊಡುತ್ತಿದ್ದರೋ ಇಲ್ಲವೋ, ಪಕ್ಕದ ಗದ್ದೆ ಯಾರದು, ಆ ವರ್ಷ ಬಿತ್ತಿದ್ದು ಯಾರು ಎಂದು ಕೇಳಿದ್ದಕ್ಕೆ ಓದುಬರಹ ಬಾರದ ಮನುಷ್ಯ ಕೊಟ್ಟ ಉತ್ತರವನ್ನು ಗುಮಾಸ್ತ ಬರೆದುಕೊಂಡ ಹಾಳೆಗಳು. ಕಚೇರಿ ಕನ್ನಡದ ನಡುನಡುವೆ ಊರ ಮಾತು ಇಣುಕುವುದು ಇಲ್ಲೇ. ಕೊನೆಗೆ ಪಂಚನಾಮೆ ಮತ್ತು ಆದೇಶ. ಒಂದು ಹಳ್ಳಿಯ ಇಂಥ ಎಲ್ಲ ಕಡತಗಳನ್ನು ಒಟ್ಟಿಗೆ ಓದಿದರೆ ಗದ್ದೆಯಿಂದ ಗದ್ದೆಗೆ ಊರಿನ ನಕ್ಷೆ ಎದ್ದುಬರುತ್ತದೆ, ಯಾರು ಯಾರ ಹಂಗಿನಲ್ಲಿದ್ದರು ಎಂಬುದರ ಸಮೇತ. ಉತ್ತರ ಕನ್ನಡಕ್ಕೆ ಇದರ ಹಿನ್ನೆಲೆಯೂ ಗಟ್ಟಿ: ಗೇಣಿದಾರರನ್ನು ರೈತಕೂಟದಲ್ಲಿ ಸಂಘಟಿಸಿದ್ದಕ್ಕೆ ದಿನಕರ ದೇಸಾಯಿಯವರನ್ನು 1940ರಲ್ಲಿ ಜಿಲ್ಲೆಯಿಂದಲೇ ಗಡೀಪಾರು ಮಾಡಲಾಗಿತ್ತು.

ಈ ಕಡತಗಳಲ್ಲಿ ಹೆಸರಿರುವ ಮನೆತನಗಳು ಇಂದಿಗೂ ಅಕ್ಕಪಕ್ಕದಲ್ಲೇ ಬದುಕುತ್ತಿವೆ. ಆದ್ದರಿಂದ ಓದಲು ಕೊಡುವ ನಿಯಮ ಮೊದಲೇ ಬರೆದಿಡಬೇಕು. ಹಳೆ ಸಿಟ್ಟು ಕೆದಕಲು ಭಂಡಾರ ನೆಪವಾಗಕೂಡದು. ಸರಕಾರ ಈಗ ಅಭಿಲೇಖಾಲಯಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯ ಕೆಲಸ. ಅದು ಜಮೀನಿನ ನಕಲು ಬೇಕಾದವರ ಅನುಕೂಲಕ್ಕೆ ಆಗುತ್ತಿರುವುದು ಸಹಜ. ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಕಡೆಗಣಿಸುವಂತಿಲ್ಲ. 2010ರ ಕರ್ನಾಟಕ ಸಾರ್ವಜನಿಕ ದಾಖಲೆಗಳ ಕಾಯ್ದೆ ಇರುವುದೇ ಇದಕ್ಕಾಗಿ.

ದಾಂಡೇಲಿಯದು ತೀರ ಬೇರೆ ಸಂಗತಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾದ ಮೇಲೆ ಕಾಡಿನ ನಡುವಿನ ಈ ಜಾಗ ಪಟ್ಟಣವಾಗಿ ಬೆಳೆಯಿತು. ಕೆಲಸ ಅರಸಿ ಬಂದವರ ಮಾತು ಒಂದೇ ಅಲ್ಲ: ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಮಲಯಾಳ, ಹಿಂದಿ. ಇಲ್ಲಿನ ಇತಿಹಾಸ ಶಾಸನದಲ್ಲಿ ಸಿಗುವುದಿಲ್ಲ. ಪಾಳಿಯ ಹಾಜರಿ ಕಾರ್ಡು, ಬೋನಸ್ ಒಪ್ಪಂದದ ಪ್ರತಿ, ಯೂನಿಯನ್ ಕರಪತ್ರ, ಗಣೇಶೋತ್ಸವದ ಪಟ್ಟಿ ಪುಸ್ತಕ, ನಗರಸಭೆಯ ಠರಾವು ಪುಸ್ತಕ ಇವೇ ಇದರ ಶಾಸನ, ತಾಮ್ರಪಟ. ಮೊದಲ ತಲೆಮಾರಿನ ಕಾರ್ಮಿಕರು ನಿವೃತ್ತರಾಗಿ ಕಾಲವಾಗಿದೆ; ಮನೆ ಬದಲಿಸುವಾಗ ಮೊದಲು ಹೊರಬೀಳುವುದು ಅಟ್ಟದ ಮೇಲಿನ ಕಾಗದ. ಹೀಗಾಗಿ ತುರ್ತು ಅತಿ ಹೆಚ್ಚಿರುವುದು ದಾಂಡೇಲಿಯಲ್ಲೇ.

ಜೋಯಿಡಾದಲ್ಲಿ ಊರೇ ನೀರಿನಡಿ ಹೋಗಿದೆ. ಕಾಳಿ ನದಿಯ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ತಾಲೂಕು ಕೇಂದ್ರವಾಗಿದ್ದ ಸೂಪಾ ಮುಳುಗಿ ಕಚೇರಿಗಳು ಜೋಯಿಡಾಕ್ಕೆ ಬಂದವು. ನಿರಾಶ್ರಿತರಲ್ಲಿ ಅನೇಕರು ರಾಮನಗರದಲ್ಲಿ ನೆಲೆ ಕಂಡರು. ಮುಳುಗಿದ ಪೇಟೆಯ ಬೀದಿ, ಗುಡಿ, ಅಂಗಡಿ ಸಾಲಿಗೆ ಈಗ ಸಾಕ್ಷಿ ಭೂಸ್ವಾಧೀನದ ಕಡತಗಳು ಮತ್ತು ಮನೆಮನೆಯ ಫೋಟೋಗಳು. ಮುಂಡಗೋಡದಲ್ಲಿ 1966ರಲ್ಲಿ ಆರಂಭವಾದ ಟಿಬೆಟನ್ ವಸಾಹತು ಇದಕ್ಕೆ ತದ್ವಿರುದ್ಧ: ದೇಶ ಕಳೆದುಕೊಂಡು ಬಂದವರು ಡ್ರೆಪುಂಗ್, ಗಾಂದೆನ್ ಮಠಗಳನ್ನು ಮರಳಿ ಕಟ್ಟಿ ಗ್ರಂಥಗಳನ್ನು ಜತನ ಮಾಡಿದರು. ಪಕ್ಕದ ಹಳ್ಳಿಗಳವರು ಹೋಗಿ ನೋಡಬೇಕಾದ ಶಿಸ್ತು ಅದು. ಇನ್ನು ಸಿದ್ದಿ ಸಮುದಾಯ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಹಿಂದಿನ ಅವರ ಬಾಳಿನ ಗುರುತು ಹುಡುಕಲು ಹಳೆಯ ಪ್ರಾಥಮಿಕ ಶಾಲೆಗಳ ಜನರಲ್ ರಜಿಸ್ಟರುಗಳು ಒಳ್ಳೆಯ ಆಕರ: ಮಗುವಿನ ಹೆಸರು, ಜಾತಿ ಕಾಲಂ, ಪಾಲಕರ ಕಸುಬು, ಶಾಲೆ ಬಿಟ್ಟ ದಿನ.

ಹತ್ತಿರದ ಮಾದರಿ ಧಾರವಾಡ. ಕರ್ನಾಟಕ ವಿದ್ಯಾವರ್ಧಕ ಸಂಘ (1890), ಆಲೂರ ವೆಂಕಟರಾಯರ ಪ್ರಯತ್ನದಿಂದ ಬಂದ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ (1914), ಮುಂಬಯಿ ಸರಕಾರ 1939ರಲ್ಲಿ ತೆರೆದು ಮುಂದೆ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆ ಇವುಗಳಿಲ್ಲದೆ ಉತ್ತರ ಕರ್ನಾಟಕದ ಇತಿಹಾಸ ಬರೆಯಲಾಗುತ್ತಿರಲಿಲ್ಲ. ಆದರೆ ಅವರ ಹುಡುಕಾಟ ಇಡೀ ಕರ್ನಾಟಕದ್ದು: ಕದಂಬರು, ಚಾಲುಕ್ಯರು, ತಾಳೆಗರಿ, ತಾಮ್ರಪಟ. ನಾಡು ಒಡೆದುಹೋಗಿದ್ದ ಕಾಲದಲ್ಲಿ ಅದೇ ಬೇಕಿತ್ತು. ರಾಜವಂಶವಿಲ್ಲದ ದಾಂಡೇಲಿ ಆ ಜರಡಿಯಲ್ಲಿ ನಿಲ್ಲಲಿಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ 1913ರಲ್ಲೇ ಒಂದು ಜಿಲ್ಲೆಯ ಮಟ್ಟದ ದಾಖಲೆ ಕಚೇರಿ ಮಾಡಿತು. ನಮಗೆ ಬೇಕಾದ ಅಳತೆ ಅದು.

ಹಣದ ದಾರಿ ಹೊಸದೇನಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಹಳ್ಳಿಗಳಲ್ಲಿ ಪಂಚಾಯತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಪಟ್ಟಣದ ಗ್ರಂಥಾಲಯದಲ್ಲಿ ಒಂದು ಕಪಾಟು, ಒಂದು ಕಂಪ್ಯೂಟರು, ಊರು ಬಲ್ಲ ಒಬ್ಬ ನೌಕರ ಸಿಕ್ಕರೆ ಸೂಚಿಯ ಕೆಲಸ ಶುರುವಾಗುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಏಳನೇ ನಮೂನೆಯ ನಕಲು, ಯೂನಿಯನ್ ಪಾವತಿ, ಸೂಪಾ ಪೇಟೆಯ ಫೋಟೋ ಇದ್ದರೆ ರದ್ದಿಯವನಿಗೆ ತೂಗಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಅದು ಕಾಗದವನ್ನು ಕೆಡಿಸುತ್ತದೆ. ಫೋಟೋದ ಹಿಂದೆ ಮೆತ್ತಗಿನ ಪೆನ್ಸಿಲಿನಿಂದ ಊರು, ಇಸವಿ, ಇರುವವರ ಹೆಸರು ಬರೆದು, ಒಣ ಜಾಗದಲ್ಲಿ ಚಪ್ಪಟೆಯಾಗಿ ಇಡಿ.