ಸ್ತ್ರೀಪಾತ್ರಗಳ ವಸ್ತ್ರಾಲಂಕಾರವೂ ಔಚಿತ್ಯವೂ

ಕೆಲವು ತಿಂಗಳ ಹಿಂದೆ ಹೊನ್ನಾವರ ತಾಲೂಕಿನ ಒಂದು ಬಂಧುಗೃಹದಲ್ಲಿ ಉಪನಯನದ ಊಟವಾದ ಬಳಿಕ ಹಿರಿಯರೆಲ್ಲ ಜಗಲಿಯಲ್ಲಿ ಕುಳಿತು ಕವಳ ಹಾಕುತ್ತಿದ್ದೆವು. ಅಲ್ಲಿಯೇ ಒಂದು ಮೂಲೆಯಲ್ಲಿ ಹುಡುಗರು ಮೊಬೈಲಿನಲ್ಲಿ ಜಪಾನ ದೇಶದ ಚಲಿಸುವ ಚಿತ್ರಕಥೆಯೊಂದನ್ನು ನೋಡುತ್ತಿದ್ದರು. ಖಡ್ಗಪಾಣಿಯಾಗಿ ಯುದ್ಧಕ್ಕೆ ನಿಂತ ನಾಯಿಕೆಯ ಕವಚವು ಎದೆಯನ್ನೂ ಕಟಿಯನ್ನೂ ಮುಟ್ಟಿಯೂ ಮುಟ್ಟದಂತಿದ್ದಿತು. ಅವಳ ಪಕ್ಕದಲ್ಲಿದ್ದ ಪುರುಷಯೋಧನಾದರೋ ಅಡಿಯಿಂದ ಮುಡಿಯವರೆಗೆ ಉಕ್ಕಿನಲ್ಲಿ ಮುಳುಗಿದ್ದನು. ಇದನ್ನು ಕಂಡ ಹಿರಿಯರೊಬ್ಬರು "ಕಲಿಕಾಲ!" ಎಂದು ನಿಟ್ಟುಸಿರಿಟ್ಟರು. ಇನ್ನೊಬ್ಬರು ನಕ್ಕು, "ನಮ್ಮ ಭಟ್ಕಳದ ಗುಡಿಯ ಗೋಡೆಯನ್ನು ನೀವು ನೋಡಿಯೇ ಇಲ್ಲವೆಂದು ಕಾಣುತ್ತದೆ" ಎಂದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಚಿತ್ರ ಬರೆಯುವ ಹವ್ಯಾಸವುಳ್ಳ ಆ ಮನೆಯ ಹುಡುಗಿ ತಲೆಯೆತ್ತಿ, "ಅಜ್ಜಾ, ಹಾಗಾದರೆ ಕಲ್ಲಿನಲ್ಲಿದ್ದರೆ ಪುಣ್ಯ, ಕಾಗದದಲ್ಲಿದ್ದರೆ ಪಾಪವೋ?" ಎಂದು ಕೇಳಿದಳು. ಯಾರಿಗೂ ಉತ್ತರ ಹೊಳೆಯಲಿಲ್ಲ. ನನಗೂ ಅಂದು ಹೊಳೆಯಲಿಲ್ಲ. ಆ ಋಣವನ್ನು ತೀರಿಸಲೆಂದು ಈ ಲೇಖನವನ್ನು ಬರೆಯುತ್ತಿರುವೆನು.

ಮೊದಲು ಕಲ್ಲಿನ ವಿಚಾರ. ಭಟ್ಕಳದ ಖೇತಪಯ್ಯ ನಾರಾಯಣ ದೇವಾಲಯವು ೧೬ನೆಯ ಶತಮಾನದ್ದು. ಅರಬ್ಬೀ ಸಮುದ್ರದ ವ್ಯಾಪಾರದಿಂದ ಈ ರೇವುಪಟ್ಟಣವು ಸಂಪನ್ನವಾಗಿದ್ದ ಕಾಲದಲ್ಲಿ ಕಟ್ಟಿಸಿದ ಗುಡಿಯದು. ಅದರ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳನ್ನೂ ಲೋಕಜೀವನದ ದೃಶ್ಯಗಳನ್ನೂ ಕಂಡರಿಸಿರುತ್ತಾರೆ. ಅಂದಿನ ಶಿಲ್ಪಸಂಪ್ರದಾಯದಂತೆ ಸ್ತ್ರೀಯರ ಅಲಂಕಾರವೆಂದರೆ ಸೊಂಟದ ಕೆಳಗೆ ನಿರಿಗೆಯ ವಸ್ತ್ರ, ಮೇಲೆ ಹಾರ ಕೇಯೂರಗಳು. ಆದರೆ ಪುರುಷನ ಉಡುಗೆಯೂ ಹಾಗೆಯೇ ಇರುವುದೆಂಬುದನ್ನು ಗಮನಿಸಬೇಕು. ರಾಮನ ಮೈಮೇಲೆ ಅಂಗಿಯಿಲ್ಲ, ಲಕ್ಷ್ಮಣನ ಮೈಮೇಲೂ ಇಲ್ಲ. ಇಬ್ಬರಿಗೂ ಒಂದೇ ನಿಯಮವಾದುದರಿಂದ ಸ್ತ್ರೀಯನ್ನು ಮಾತ್ರ ಎತ್ತಿ ತೋರಿಸುವ ಉದ್ದೇಶವು ಆ ನಿಯಮದಲ್ಲಿ ಕಾಣದು.

ಹಾಗೆಂದು ನಮ್ಮ ಶಿಲ್ಪಿಗಳೆಲ್ಲ ನಿರ್ಮೋಹಿಗಳಾಗಿದ್ದರೆಂದು ಹೇಳಲಾಗದು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಒಬ್ಬಳ ಸೆರಗನ್ನು ಕಪಿಯೊಂದು ಸೆಳೆಯುತ್ತಿರುವುದು, ಅವಳು ಕೊಂಬೆಯನ್ನೆತ್ತಿ ಅದನ್ನು ಗದರಿಸುತ್ತಿರುವಳು. ಇಲ್ಲಿ ವಸ್ತ್ರವು ಜಾರುವುದೇ ವಿನೋದ; ನೋಡುವವನ ಕಣ್ಣಿಗಾಗಿಯೇ ಮಾಡಿದ ವಿನೋದವದು. ಮಂಗನ ಕೈಯಲ್ಲಿ ಸೆರಗು ಕೊಟ್ಟ ಆ ರೂವಾರಿಯೂ, ಗಾಳಿಯ ನೆವದಿಂದ ಲಂಗವನ್ನು ಹಾರಿಸುವ ಜಪಾನದ ಚಿತ್ರಗಾರನೂ ಈ ಒಂದು ವಿಷಯದಲ್ಲಿ ಸಹೋದರರು. ಆದರೂ ಭೇದವೊಂದುಂಟು. ಬೇಲೂರಿನ ಮದನಿಕೆಗೆ ಸಿಟ್ಟು ಬಂದಿದೆ, ಅವಳ ಕೈಯಲ್ಲಿ ಕೊಂಬೆಯಿದೆ. ಅವಳ ಮನಸ್ಸನ್ನು ಶಿಲ್ಪಿಯು ಮರೆತಿಲ್ಲ.

ನಮ್ಮ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಬಿಟ್ಟವರಲ್ಲ. ಭರತಮುನಿಯು ವೇಷಭೂಷಣಗಳನ್ನು ಆಹಾರ್ಯವೆಂಬ ಹೆಸರಿನಿಂದ ಅಭಿನಯದ ನಾಲ್ಕು ಅಂಗಗಳಲ್ಲಿ ಒಂದಾಗಿ ಎಣಿಸಿದನು. ನಾಟ್ಯವನ್ನು ತಂದೆ, ಮಗ, ಅತ್ತೆ, ಸೊಸೆ ಎಲ್ಲರೂ ಒಟ್ಟಿಗೆ ಕುಳಿತು ನೋಡುವರಾದುದರಿಂದ ಶಯನ ಚುಂಬನಾದಿಗಳನ್ನು ರಂಗದಲ್ಲಿ ತೋರಿಸಬಾರದೆಂದು ಅವನೇ ವಿಧಿಸಿರುವನು. ಶೃಂಗಾರವು ಪಾಪವೆಂದು ಅವನ ಅಭಿಪ್ರಾಯವಲ್ಲ, ಅದು ರಸಗಳಲ್ಲಿ ಮೊದಲನೆಯದಷ್ಟೆ. ಯಾರ ನಡುವೆ ಕುಳಿತು ನೋಡುತ್ತೇವೆ ಎಂಬ ವಿವೇಕವನ್ನು ಅವನು ಹೇಳಿದನು. ೯ನೆಯ ಶತಮಾನದ ಆನಂದವರ್ಧನನು ಅನೌಚಿತ್ಯವೊಂದನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದನು. ಶಿವಪಾರ್ವತಿಯರ ಸಂಭೋಗವನ್ನು ವರ್ಣಿಸಿದ ಕಾಳಿದಾಸನನ್ನು ಕೂಡ ಆಲಂಕಾರಿಕರು ಪ್ರಶ್ನಿಸದೆ ಬಿಡಲಿಲ್ಲ. ಅದು ತಾಯಿತಂದೆಗಳ ಸಂಭೋಗವನ್ನು ವರ್ಣಿಸಿದಂತೆ ಅನುಚಿತವೆಂದು ಮಮ್ಮಟನು ಬರೆದನು. ೧೧ನೆಯ ಶತಮಾನದ ಕ್ಷೇಮೇಂದ್ರನಾದರೋ ಔಚಿತ್ಯವನ್ನು ಉಡುಗೆತೊಡುಗೆಯ ದೃಷ್ಟಾಂತದಿಂದಲೇ ವಿವರಿಸಿರುವನು. ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ಕಟ್ಟಿಕೊಂಡವರನ್ನು ಕಂಡು ನಗದವರಾರು ಎಂಬುದು ಅವನ ಪ್ರಶ್ನೆಯ ತಾತ್ಪರ್ಯ. ಇವರಲ್ಲಿ ಒಬ್ಬರೂ ಬಟ್ಟೆಯನ್ನು ಗೇಣಿನಿಂದ ಅಳೆದಿಲ್ಲವೆಂಬುದು ಸ್ಮರಣೀಯ. ಪಾತ್ರಕ್ಕೂ ಸಂದರ್ಭಕ್ಕೂ ಒಪ್ಪುವುದೋ ಇಲ್ಲವೋ ಎಂಬುದೊಂದೇ ಅವರ ಅಳತೆಗೋಲು.

ಗೇಣಿನಿಂದ ಅಳೆಯುವ ಪದ್ಧತಿಯು ನಮ್ಮಲ್ಲಿ ಬಹುಮಟ್ಟಿಗೆ ೧೯ನೆಯ ಶತಮಾನದಲ್ಲಿ ಬಲವಾಯಿತೆನ್ನಬಹುದು. ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿ ಇಲಾಖೆಗೆ ಸೇರಿತು. ಮುಂಬಯಿಯ ರುಚಿಗಳೂ ಹಡಗೇರಿ ನಮ್ಮ ರೇವುಗಳಿಗೆ ಬಂದುವು. ಸೀರೆಯೊಡನೆ ರವಿಕೆ ಒಳಲಂಗಗಳನ್ನು ಧರಿಸುವ ಕ್ರಮವನ್ನು ೧೮೬೦ರ ದಶಕದಲ್ಲಿ ಮುಂಬಯಿಯಲ್ಲಿ ಕಲಿತು ಬಂಗಾಳದ ಕುಲೀನ ಮನೆಗಳಲ್ಲಿ ಪ್ರಚಾರಕ್ಕೆ ತಂದ ಜ್ಞಾನದಾನಂದಿನಿ ದೇವಿಯವರು ಸತ್ಯೇಂದ್ರನಾಥ ಠಾಕೂರರ ಧರ್ಮಪತ್ನಿ. ಆ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮನಾದ ರವೀಂದ್ರನಾಥರು ತಾರುಣ್ಯದಲ್ಲಿ ಅವರೊಡನೆ ಅಲ್ಲಿಯೇ ತಂಗಿದ್ದರು. ೧೮೯೪ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ತೆರೆದನು. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರು ಸೀರೆ ಕುಪ್ಪಸಗಳನ್ನು ಧರಿಸಿ ಮನೆಮನೆಯ ಗೋಡೆಯನ್ನೇರಿದರು. ಅಂದಿನಿಂದ ದೇವಿಯೆಂದರೆ ಹೀಗೆಯೇ ಇರತಕ್ಕದ್ದೆಂಬ ಭಾವನೆ ನಮ್ಮಲ್ಲಿ ನೆಲೆಗೊಂಡಿತು. ಆದರೆ ಅದೇ ಮುದ್ರಣಾಲಯದಿಂದ ತೆಳುವಸ್ತ್ರದ ಅಪ್ಸರೆಯರೂ ಹೊರಟರು. ಲಕ್ಷ್ಮಿಯು ದೇವರ ಕೋಣೆಗೆ, ಅಪ್ಸರೆಯು ಹಜಾರಕ್ಕೆ! ಗಿರಾಕಿಯನ್ನು ನೋಡಿ ಸೆರಗನ್ನು ಏರಿಸಿ ಇಳಿಸುವ ವ್ಯಾಪಾರವು ಜಪಾನದಲ್ಲಿ ಹುಟ್ಟಿದ್ದಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ಜೀವಂತ ಸ್ತ್ರೀಯರ ಮಾತು. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಸ್ತ್ರೀಯರು ಎದೆಯ ಮೇಲೆ ವಸ್ತ್ರ ಧರಿಸಿದರೆಂದು ಮೇಲ್ಜಾತಿಯವರು ಅವರನ್ನು ಹಿಂಸಿಸಿದರು. ಬಹುಕಾಲದ ಹೋರಾಟದ ಬಳಿಕ ೧೮೫೯ರ ರಾಜಾಜ್ಞೆಯಿಂದ ಅವರಿಗೆ ಮೈಮುಚ್ಚಿಕೊಳ್ಳುವ ಅಧಿಕಾರ ದೊರೆಯಿತು. ಅಲ್ಲಿ ಬರಿಮೈಯೆಂಬುದು ಇತರರು ಹೇರಿದ ಅವಮಾನವಾಗಿದ್ದಿತು. ನಮ್ಮ ಕುಮಟೆ, ಹೊನ್ನಾವರ, ಅಂಕೋಲೆಗಳ ಹಾಲಕ್ಕಿ ಒಕ್ಕಲಿಗರ ಹಿರಿಯ ಸ್ತ್ರೀಯರಾದರೋ ರವಿಕೆಯಿಲ್ಲದೆ ಸೀರೆಯನ್ನು ಹೆಗಲಿಗೆ ಬಿಗಿದುಟ್ಟು, ಕೊರಳಿನಿಂದ ಎದೆಯವರೆಗೆ ಮಣಿಸರಗಳ ರಾಶಿಯನ್ನು ಧರಿಸುವರು. ಅದು ಅವರ ಕುಲದ ಅಭಿಮಾನದ ಉಡುಗೆ; ಗದ್ದೆಯ ಕೆಸರಿಗೂ ಕರಾವಳಿಯ ಸೆಕೆಗೂ ಒಪ್ಪುವಂಥದು.

ಈ ಸಂದರ್ಭದಲ್ಲಿ ನನ್ನದೊಂದು ತಪ್ಪನ್ನು ಹೇಳದಿದ್ದರೆ ಲೇಖನವು ಅಪ್ರಾಮಾಣಿಕವಾದೀತು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಮಾಸ್ತರನಾಗಿದ್ದ ಒಂದು ಶಾಲೆಯಲ್ಲಿ ಚಿತ್ರಸ್ಪರ್ಧೆ ಏರ್ಪಟ್ಟಿತ್ತು. ಹಾಲಕ್ಕಿ ಹುಡುಗಿಯೊಬ್ಬಳು ತನ್ನ ಅಜ್ಜಿಯ ಚಿತ್ರವನ್ನು ಬರೆದಳು. ತಲೆಯ ಮೇಲೆ ಸೊಪ್ಪಿನ ಹೊರೆ, ಎದೆಯ ತುಂಬ ಮಣಿಸರ, ಬರಿದೋಳು. ಬಹುಮಾನ ಕೊಡಲು ಅತಿಥಿಗಳು ಬರುವವರಿದ್ದರು. ನಾನು ಅವಳನ್ನು ಕರೆದು, "ಅಜ್ಜಿಗೊಂದು ರವಿಕೆ ತೊಡಿಸು ಮಗಾ, ಗೋಡೆಗೆ ಹಚ್ಚುವಾ" ಎಂದೆನು. ಅವಳು ಮರುಮಾತಾಡದೆ ನೀಲಿಬಣ್ಣದ ರವಿಕೆಯನ್ನು ಬರೆದಳು. ಅದರಡಿಯಲ್ಲಿ ಮಣಿಸರಗಳು ಅರ್ಧ ಮುಚ್ಚಿಹೋದುವು. ಚಿತ್ರವನ್ನು ನನ್ನ ಕೈಗೆ ಕೊಡುವಾಗ, "ಮಾಸ್ತರೇ, ಈಗ ಇದು ನಮ್ಮ ಅಜ್ಜಿಯಲ್ಲ" ಎಂದಳು. ಆ ಅಜ್ಜಿಯಲ್ಲಿ ನಾಚಿಕೆಗೇಡಿನದು ಏನೂ ಇರಲಿಲ್ಲ, ನಾಚಿಕೆಯು ನನ್ನ ಕಣ್ಣಿನದಾಗಿತ್ತು. ೨೦೨೧ರ ನವೆಂಬರದಲ್ಲಿ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ತಮ್ಮ ಕುಲದ ಉಡುಗೆಯಲ್ಲಿಯೇ, ಬರಿಗಾಲಿನಲ್ಲಿ, ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದ ಭಾವಚಿತ್ರವನ್ನು ದೇಶವೆಲ್ಲ ಕಂಡು ಕೈಮುಗಿಯಿತು. ೨೦೨೪ರಲ್ಲಿ ಅವರು ತೀರಿಕೊಂಡಾಗ ಮತ್ತೆ ಅದೇ ಭಾವಚಿತ್ರವು ಪತ್ರಿಕೆಗಳಲ್ಲಿ ಬಂದಿತು. ಎರಡು ಸಲವೂ ನನಗೆ ನೀಲಿಬಣ್ಣದ ಆ ರವಿಕೆಯೇ ಕಣ್ಣಮುಂದೆ ಬಂದಿತು.

ನಮ್ಮ ಯಕ್ಷಗಾನ ರಂಗಸ್ಥಳವು ಈ ಸಮಸ್ಯೆಯನ್ನು ಬೇರೆ ವಿಧದಿಂದ ಬಿಡಿಸಿಕೊಂಡಿತು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳವೇ ಮೊದಲಾಗಿ ಬಡಗುತಿಟ್ಟಿನ ಮೇಳಗಳಲ್ಲಿ ಸ್ತ್ರೀವೇಷವನ್ನು ಬಹುಕಾಲ ಗಂಡಸರೇ ಧರಿಸುತ್ತ ಬಂದರು. ಕೆರೆಮನೆ ಗಜಾನನ ಹೆಗಡೆಯವರ ಸ್ತ್ರೀವೇಷವನ್ನು ಕಂಡವರು ಅದನ್ನು ಮರೆಯಲಾರರು. ಸೀರೆ, ರವಿಕೆ, ತುರುಬು, ಸೊಂಟಕ್ಕೆ ಡಾಬು. ಮೈಯನ್ನು ತೋರಿಸುವಂಥದು ಅದರಲ್ಲಿ ಏನೂ ಇಲ್ಲ. ಭಸ್ಮಾಸುರ ಮೋಹಿನಿ ಪ್ರಸಂಗವನ್ನೇ ತೆಗೆದುಕೊಳ್ಳಿರಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನು ಮೋಹಿನಿಯನ್ನು ಕಂಡು ಮರುಳಾಗುವಾಗ ಸಭೆಯೂ ಅವನೊಡನೆ ಮರುಳಾಗುತ್ತಿತ್ತು. ಆ ಮೋಹವೆಲ್ಲ ಕಣ್ಣಿನ ಓಟದಲ್ಲಿ, ಹೆಜ್ಜೆಯ ಬಳುಕಿನಲ್ಲಿ ಹುಟ್ಟಿದ್ದೇ ಹೊರತು ವಸ್ತ್ರದ ಕೊರತೆಯಿಂದಲ್ಲ. ಮೇಲಾಗಿ ಮೋಹಿನಿಯ ಲಾವಣ್ಯವು ಅವಳದೇ ಆಯುಧ. ತಲೆಯ ಮೇಲೆ ಕೈಯಿಡಿಸುವವರೆಗೂ ಆಟದ ಸೂತ್ರವು ಅವಳ ಕೈಯಲ್ಲಿಯೇ ಇರುವುದು. ಇದಕ್ಕೆ ವಿರುದ್ಧವಾದುದು ದ್ರೌಪದೀ ವಸ್ತ್ರಾಪಹರಣ. ಅಲ್ಲಿ ಸೆರಗನ್ನು ಎಳೆಯುವ ಕೈ ಪರರದು. ಆ ಕೈಯಿಂದಲೇ ಕುರುಕುಲವು ನಾಶವಾಯಿತೆಂದು ವ್ಯಾಸರು ತೋರಿಸಿಕೊಟ್ಟಿರುವರು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಜಪಾನಕ್ಕೆ ಹೋಗೋಣ. ಮಂಗಾ ಎಂಬ ಶಬ್ದವು ಹೊಕುಸಾಯಿ ಎಂಬ ಚಿತ್ರಗಾರನು ೧೮೧೪ರಿಂದ ಪ್ರಕಟಿಸಿದ ರೇಖಾಚಿತ್ರ ಸಂಪುಟಗಳ ಹೆಸರಿನಲ್ಲಿಯೇ ಇದೆ. ಇಂದಿನ ಚಿತ್ರಕಥೆಗಳ ಪಿತಾಮಹನೆನಿಸಿದ ತೆಜುಕಾ ಒಸಾಮು ೧೯೫೩ರಲ್ಲಿ ಆರಂಭಿಸಿದ ಒಂದು ಕಥೆಯ ನಾಯಿಕೆಯು ರಾಜಕುಮಾರನ ವೇಷದಲ್ಲಿ ಕತ್ತಿ ಹಿಡಿದು ಹೋರಾಡುವ ರಾಜಕುಮಾರಿ. ೧೯೬೮ರಲ್ಲಿ ನಾಗಾಯಿ ಗೋ ಎಂಬವನು ಶಾಲೆಯ ಹುಡುಗಿಯರ ಲಂಗವನ್ನೆತ್ತುವ ಚೇಷ್ಟೆಗಳ ಕಥೆಯನ್ನು ಹುಡುಗರ ಪತ್ರಿಕೆಯಲ್ಲಿ ಬರೆಯತೊಡಗಿದಾಗ ಅಲ್ಲಿಯ ತಾಯಿತಂದೆಗಳೂ ಶಿಕ್ಷಕರೂ ಪ್ರತಿಭಟಿಸಿದರು. ಇದನ್ನು ಓದಿದಾಗ ನಮ್ಮ ಜಗಲಿಯ ನಿಟ್ಟುಸಿರು ಜಪಾನದಲ್ಲಿ ಐವತ್ತು ವರ್ಷಕ್ಕೂ ಹಿಂದೆಯೇ ಕೇಳಿಬಂದಿತ್ತೆಂದು ನನಗೆ ಸಮಾಧಾನವೇ ಆಯಿತು. ಆದರೆ ೧೯೯೧ರ ಕೊನೆಯಲ್ಲಿ ತಾಕೆಉಚಿ ನಾವೊಕೊ ಎಂಬ ಸ್ತ್ರೀಯು ಹುಡುಗಿಯರಿಗಾಗಿಯೇ ಬರೆಯತೊಡಗಿದ ಸೈಲರ್ ಮೂನ್ ಕಥೆಯಲ್ಲಿಯೂ ಶಾಲೆಯ ಸಮವಸ್ತ್ರವನ್ನು ಹೋಲುವ ಗಿಡ್ಡ ಲಂಗವೇ ಇದೆ. ಓದಿದ ಹುಡುಗಿಯರು ಅದರಲ್ಲಿ ತಮ್ಮ ಶಕ್ತಿಯನ್ನು ಕಂಡು ಸಂತೋಷಿಸಿದರು. ೧೯೯೭ರಲ್ಲಿ ಮಿಯಾಜಾಕಿ ಎಂಬ ನಿರ್ದೇಶಕನ ಚಿತ್ರದಲ್ಲಿ ಕಾಡನ್ನು ಕಾಯಲೆಂದು ಹೋರಾಡುವ ಸಾನ್ ಎಂಬ ಕನ್ಯೆಯ ತೋಳೂ ಕಾಲೂ ಬರಿದೇ. ಆದರೂ ಅವಳನ್ನು ನೋಡಿದಾಗ ಉಡುಗೆಯ ನೆನಪೇ ಬಾರದು, ಓಡುವವಳಿಗೆ ಹೇಗೆ ಬೇಕೋ ಹಾಗಿದೆ ಎನಿಸುವುದು. ಒಂದೇ ದೇಶ, ಒಂದೇ ಕಲೆ. ಆದರೆ ಒಂದು ಕಡೆ ಉಡುಗೆಯು ಪಾತ್ರಕ್ಕೆ ಸೇರಿದ್ದು, ಇನ್ನೊಂದು ಕಡೆ ನೋಡುವವನಿಗೆ ಸೇರಿದ್ದು.

ಜಗಲಿಯಲ್ಲಿ ಕಂಡ ಆ ಯೋಧೆಯ ದೋಷವೂ ಇದೇ. ಬಟ್ಟೆಯು ಅಲ್ಪವಾಯಿತೆಂಬುದಕ್ಕಿಂತ, ಬಾಣ ಬರುವ ಕಡೆಯಲ್ಲಿ ಕವಚವಿಲ್ಲವೆಂಬುದೇ ದೊಡ್ಡ ತಪ್ಪು. ಜೊತೆಗಾರನಿಗೆ ಉಕ್ಕು, ಅವಳಿಗೆ ಗಾಳಿ! ಕ್ಷೇಮೇಂದ್ರನು ಕಂಡಿದ್ದರೆ ಕೊರಳಿಗೆ ಕಟ್ಟಿದ ಡಾಬೆಂದು ನಗುತ್ತಿದ್ದನು. ಆದರೆ ನಗುವಿನಲ್ಲಿಯೇ ಮುಗಿಸುವಂತೆಯೂ ಇಲ್ಲ. ಇಂಥ ಚಿತ್ರಗಳನ್ನೇ ನೂರಾರು ಸಲ ಕಂಡ ಹುಡುಗನು ಹೆಣ್ಣಿನ ಶೌರ್ಯವೂ ತನ್ನ ಕಣ್ಣಿನ ವಿನೋದಕ್ಕಾಗಿಯೇ ಇದೆಯೆಂದು ತಿಳಿದಾನು. ಹುಡುಗಿಯು ಹಾಗೆಯೇ ತಿಳಿದರೆ ಹಾನಿ ಇನ್ನೂ ಹೆಚ್ಚು. ಮೊಬೈಲನ್ನು ಕಸಿದುಕೊಳ್ಳುವುದರಿಂದ ಇದು ನಿವಾರಣೆಯಾಗದು. ಭರತಮುನಿ ಹೇಳಿದಂತೆ ಒಟ್ಟಿಗೆ ಕುಳಿತು ನೋಡುವುದೂ, "ಇವಳ ಉಡುಗೆಯು ಇವಳ ಕೆಲಸಕ್ಕೆ ಒಪ್ಪುತ್ತದೆಯೇ?" ಎಂದು ಕೇಳುವುದೂ ಹೆಚ್ಚು ಫಲದಾಯಕ.

ಈಚೆಗೆ ಆ ಹುಡುಗಿಯನ್ನು ಮತ್ತೆ ಕಂಡೆನು. ಜಪಾನೀ ಶೈಲಿಯಲ್ಲಿ ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಚಿತ್ರಕಥೆಯನ್ನು ಬರೆಯುತ್ತಿರುವೆನೆಂದಳು. ೧೫೫೨ರಿಂದ ೧೬೦೬ರವರೆಗೆ ಆಳಿ, ಪೋರ್ತುಗೀಜರಿಂದ ಮೆಣಸಿನ ರಾಣಿಯೆಂಬ ಹೆಸರು ಪಡೆದ ಆ ಜೈನರಾಣಿಗೆ ಯಾವ ಉಡುಗೆ ತೊಡಿಸಲೆಂದು ನನ್ನನ್ನೇ ಕೇಳಿದಳು. ಒಂದು ಕಾಲದಲ್ಲಾಗಿದ್ದರೆ ತಟ್ಟನೆ ಆಜ್ಞಾಪಿಸುತ್ತಿದ್ದೆನು. ಈ ಸಲ, "ಆ ಹೊತ್ತಿನಲ್ಲಿ ರಾಣಿ ಏನು ಮಾಡುತ್ತಿದ್ದಾಳೆ, ಮಗಾ?" ಎಂದಷ್ಟೇ ಕೇಳಿದೆನು. ಅವಳು ಸ್ವಲ್ಪ ಯೋಚಿಸಿ, "ಶರಾವತಿಯ ದಂಡೆಯಲ್ಲಿ ನಿಂತು ಮೆಣಸಿನ ಮೂಟೆಗಳನ್ನು ಎಣಿಸುತ್ತಿದ್ದಾಳೆ, ಅಜ್ಜಾ; ಮಳೆ ಬರುವಂತಿದೆ" ಎಂದಳು. ಹಾಗಾದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಇರುವಳೆಂದು ನಾವಿಬ್ಬರೂ ಒಪ್ಪಿಕೊಂಡೆವು.