ಗಾಲಿಯ ಭಾರ, ಸೈಕಲ್ಲಿನ ಸ್ಥೈರ್ಯ

ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಕಂಡವರಿಗೆ ಗಾಲಿಯೆಂದರೆ ಭಾರ, ಭಾರವೆಂದರೆ ಭದ್ರತೆ ಎಂಬ ಭಾವನೆ ಮೂಡುವುದು ಸಹಜ. ಬಳ್ಳಾರಿಯ ಸೈಕಲ್ ಸ್ಪರ್ಧಿಗಳ ಬಾಯಲ್ಲೂ ನಾನು ಇಂಥದೇ ಮಾತು ಕೇಳಿದ್ದೇನೆ: ಹಗುರ ಗಾಲಿ ಓಡೀತು, ಆದರೆ ನೆಟ್ಟಗೆ ನಿಂತೀತೇ? ಹೊಟ್ಟೆಬಟ್ಟೆ ಕಟ್ಟಿ ಗಾಲಿ ಕೊಳ್ಳುವ ಹುಡುಗನಿಗೆ ಇದು ಬರಿಯ ಜಿಜ್ಞಾಸೆಯಲ್ಲ.

ತೇರು ಓಡದಿದ್ದರೂ ನಿಲ್ಲುತ್ತದೆ. ಸೈಕಲ್ಲು ಓಡಿದರೆ ಮಾತ್ರ ನಿಲ್ಲುತ್ತದೆ. ಈ ವೈಚಿತ್ರ್ಯಕ್ಕೆ ಬಹುಕಾಲ ಹೇಳುತ್ತಿದ್ದ ಕಾರಣ, ತಿರುಗುವ ಗಾಲಿಯಲ್ಲಿರುವ ಬುಗುರಿಯ ಗುಣ. ಹಾಗಿದ್ದರೆ ಗಾಲಿ ಭಾರವಾದಷ್ಟೂ ಸ್ಥೈರ್ಯ ಹೆಚ್ಚಬೇಕಷ್ಟೆ. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞ ತಾನು ನಡೆಸಿದ ಸೊಗಸಾದ ಪರೀಕ್ಷೆಯೊಂದನ್ನು ಪ್ರಕಟಿಸಿದ. ಮುಂಗಾಲಿಯ ಪಕ್ಕದಲ್ಲಿ ನೆಲ ಮುಟ್ಟದ ಇನ್ನೊಂದು ಗಾಲಿಯನ್ನು ಜೋಡಿಸಿ ಅದನ್ನು ಹಿಮ್ಮುಖವಾಗಿ ತಿರುಗಿಸಿದ. ಬುಗುರಿಯ ಗುಣ ಅಳಿಯಿತು. ಆದರೂ ಆತ ಆ ಸೈಕಲ್ಲನ್ನು ಸಲೀಸಾಗಿ ಓಡಿಸಿದ! ಸವಾರನಿಲ್ಲದೆ ತಳ್ಳಿಬಿಟ್ಟಾಗ ಮಾತ್ರ ಅದು ಬೇಗ ಬಿದ್ದಿತು. ಮುಂಗಾಲಿಯು ಹ್ಯಾಂಡಲಿನ ಅಚ್ಚಿನ ರೇಖೆಗಿಂತ ತುಸು ಹಿಂದೆ ನೆಲ ಮುಟ್ಟುವುದೇ ಮುಖ್ಯವೆಂದು ಆತ ತೀರ್ಮಾನಿಸಿದ. 2011ರಲ್ಲಿ ಅಮೆರಿಕ, ನೆದರ್ಲೆಂಡ್ಸ್ ದೇಶಗಳ ವಿದ್ವಾಂಸರು ಈ ಎರಡು ಗುಣಗಳೂ ಇಲ್ಲದ ಪುಟ್ಟ ಸೈಕಲ್ಲೊಂದನ್ನು ಸವಾರನಿಲ್ಲದೆಯೇ ನೆಟ್ಟಗೆ ಓಡಿಸಿ, ಆ ತೀರ್ಮಾನವನ್ನೂ ಸಡಿಲಗೊಳಿಸಿದರು. ವಾಲಿದ ಕಡೆಗೇ ಹ್ಯಾಂಡಲು ತಾನಾಗಿ ತಿರುಗಬೇಕು, ಅದೇ ಗುಟ್ಟು. ಅದಕ್ಕೆ ದಾರಿಗಳು ಹಲವು.

ಇನ್ನು ವೇಗ. ರಿಮ್ಮಿನ ಭಾರ ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ಅದು ಚೌಕಟ್ಟಿನ ಅಷ್ಟೇ ಭಾರಕ್ಕಿಂತ ಸುಮಾರು ಇಮ್ಮಡಿ ಶಕ್ತಿಯನ್ನು ಬೇಡುತ್ತದೆ. ಆದರೆ ಸವಾರನೂ ಸೈಕಲ್ಲೂ ಕೂಡಿ 80 ಕಿಲೋ ಇದ್ದರೆ, ರಿಮ್ಮುಗಳಲ್ಲಿ 200 ಗ್ರಾಂ ಉಳಿಸಿ ಪಡೆಯುವ ಲಾಭ ನೂರಕ್ಕೆ ಅರ್ಧ ಪಾಲು. ಸಮತಟ್ಟಿನಲ್ಲಿ ಒಂದೇ ವೇಗದಿಂದ ಸಾಗುವವನಿಗೆ ಅದೂ ಇಲ್ಲ. ಅಲ್ಲಿ ನಿಜವಾದ ವೈರಿ ಗಾಳಿ. 1972ರಲ್ಲಿ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಕ್ರಮಿಸಿದ್ದ. 1984ರ ಜನವರಿಯಲ್ಲಿ ಅದೇ ನಗರದಲ್ಲಿ ಫ್ರಾಂಚೆಸ್ಕೊ ಮೋಸೆರ್ 51.151 ಕಿಲೋಮೀಟರ್ ಮುಟ್ಟಿದ. ಅವನ ಗಾಲಿಗಳು ಕಡ್ಡಿಗಳಿಲ್ಲದ, ಗಾಳಿಯನ್ನು ಸೀಳುವ ತಟ್ಟೆಗಳು. ಹಗುರತನ ಅವುಗಳ ಹೆಚ್ಚುಗಾರಿಕೆಯಾಗಿರಲಿಲ್ಲ.

ಹಾಗೆಂದು ನಮ್ಮ ಹುಡುಗರಿಗೆ ಅಂಥ ತಟ್ಟೆಗಾಲಿಯನ್ನು ನಾನು ಸೂಚಿಸಲಾರೆ. ಮೋಸೆರ್ ಓಡಿಸಿದ್ದು ಸುತ್ತುಪಥದಲ್ಲಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿ ಬಯಲಿನಲ್ಲಿ ಬಹುಮಟ್ಟಿಗೆ ಉತ್ತರಕ್ಕೆ ಸಾಗುತ್ತದೆ. ಆಷಾಢದ ಗಾಳಿ ಪಡುವಣದಿಂದ ಬಂದು ಪಕ್ಕೆಗೇ ಬಡಿಯುತ್ತದೆ. ಆ ಗಾಳಿಗೆ ತಟ್ಟೆಯಂಥ ಮುಂಗಾಲಿ ಹಾಯಿಯಂತಾಗಿ ಹ್ಯಾಂಡಲನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ಅಲ್ಲಿ ಕಡ್ಡಿಗಳ ಸಾದಾ ಗಾಲಿಯೇ ವಾಸಿ; ಗಾಳಿ ಅದರ ನಡುವೆ ನುಸುಳಿಹೋಗುತ್ತದೆ.